ಹೃದಯದ ನಾಲ್ಕು ಬಾಗಿಲು

ಅಕ್ಕಾ, ಒಂದು ಕೆಲಸ ಮಾಡಿ. ನಿಮ್ಮ ಮಗುವನ್ನು ಹತ್ತಿರ ಕರೆಯಿರಿ. ಅದರ ಎದೆಗೆ ಕಿವಿ ಇಟ್ಟು ಕೇಳಿ.

ಲಬ್-ಡಬ್. ಲಬ್-ಡಬ್. ಲಬ್-ಡಬ್.

ಇದು ಏನು ಸದ್ದು? ಹೃದಯ ಬಡಿಯುವ ಸದ್ದು ಅಂತ ನಾವೆಲ್ಲ ಹೇಳುತ್ತೇವೆ. ಆ ಸದ್ದು ಬರುವುದು ಹೇಗೆ ಗೊತ್ತೆ? ಹೃದಯದ ಒಳಗೆ ಬಾಗಿಲುಗಳಿವೆ. ಅವು ಮುಚ್ಚುವಾಗ ಬರುವ ಸದ್ದು ಅದು.

ಈ ಬಾಗಿಲಿಗೂ ಒಮ್ಮೊಮ್ಮೆ ರೋಗ ಬರುತ್ತದೆ. ಅದು ಯಾವ ರೋಗ? ಹೇಗೆ ಬರುತ್ತದೆ? ಅದಕ್ಕೆ ಮದ್ದು ಹೇಗೆ ಕಂಡುಹಿಡಿದರು? ಅದರಲ್ಲಿ ನಮ್ಮಂಥ ಹೆಂಗಸರ ಪಾತ್ರ ಏನು? ಬನ್ನಿ, ಓದಿ ತಿಳಿಯೋಣ.

ಬಾಗಿಲು ಎಲ್ಲಿದೆ?

ಹೃದಯ ನಮ್ಮ ಮುಷ್ಟಿಯಷ್ಟು ದೊಡ್ಡದು. ಅದು ರಕ್ತವನ್ನು ಮೈಗೆಲ್ಲ ತಳ್ಳುವ ಪಂಪು. ನಿಮಿಷಕ್ಕೆ ಸುಮಾರು 70 ಸಲ ಬಡಿಯುತ್ತದೆ. ಒಂದು ದಿನಕ್ಕೆ ಲೆಕ್ಕ ಹಾಕಿದರೆ ಸುಮಾರು ಒಂದು ಲಕ್ಷ ಸಲ. ನಾವು ಮಲಗಿದರೂ ಅದು ಮಲಗುವುದಿಲ್ಲ.

ಹೃದಯದ ಒಳಗೆ ನಾಲ್ಕು ಕೋಣೆಗಳಿವೆ. ನಾಲ್ಕು ಬಾಗಿಲುಗಳಿವೆ. ಈ ಬಾಗಿಲಿಗೆ ಕವಾಟ ಅಂತ ಹೆಸರು. ಆಸ್ಪತ್ರೆಯಲ್ಲಿ ವಾಲ್ವ್ ಅನ್ನುತ್ತಾರೆ. ಕವಾಟ ಅಂದರೂ ಬಾಗಿಲು ಅಂತಲೇ ಅರ್ಥ.

ಈ ಬಾಗಿಲು ಒಂದೇ ಕಡೆಗೆ ತೆರೆಯುತ್ತದೆ. ರಕ್ತ ಮುಂದೆ ಹೋಗುತ್ತದೆ. ಕೂಡಲೆ ಬಾಗಿಲು ಮುಚ್ಚುತ್ತದೆ. ಹೋದ ರಕ್ತ ಹಿಂದೆ ಬರುವುದಿಲ್ಲ.

ಹೃದಯದ ಒಳಗೋಡೆಗೆ ಒಂದು ತೆಳ್ಳನೆಯ ಪೊರೆ ಇದೆ. ಈರುಳ್ಳಿ ಸುಲಿದಾಗ ಒಳಗೆ ನುಣುಪಾದ ಪೊರೆ ಕಾಣುತ್ತದಲ್ಲ, ಹಾಗೆ. ಬಾಗಿಲಿನ ಮೇಲೂ ಇದೇ ಪೊರೆ ಇದೆ. ಪೊರೆ ನುಣುಪಾಗಿದ್ದರೆ ಅದಕ್ಕೆ ಏನೂ ಸುಲಭವಾಗಿ ಅಂಟುವುದಿಲ್ಲ.

ಪಾಚಿ ಕಟ್ಟಿದ ಹಾಗೆ

ನೀರಿನ ತೊಟ್ಟಿಯನ್ನು ನೋಡಿದ್ದೀರಿ. ನುಣುಪಾದ ಕಲ್ಲಿಗೆ ಪಾಚಿ ಬೇಗ ಹಿಡಿಯುವುದಿಲ್ಲ. ಕಲ್ಲು ಒರಟಾದರೆ, ಬಿರುಕು ಬಿಟ್ಟರೆ, ಅಲ್ಲಿ ಪಾಚಿ ಕಟ್ಟುತ್ತದೆ.

ಹೃದಯದ ಬಾಗಿಲೂ ಹಾಗೆಯೇ. ಯಾವುದೋ ಕಾರಣಕ್ಕೆ ಬಾಗಿಲು ಹಾಳಾಗಿ ಒರಟಾಗಿರುತ್ತದೆ. ಆಗ ರಕ್ತದಲ್ಲಿ ಬಂದ ರೋಗಾಣು ಅಲ್ಲಿ ಅಂಟಿಕೊಳ್ಳುತ್ತದೆ. ಅಲ್ಲೇ ಬೆಳೆಯುತ್ತದೆ. ಪಾಚಿಯ ಹಾಗೆ ಮುದ್ದೆ ಕಟ್ಟುತ್ತದೆ.

ಈ ರೋಗಕ್ಕೆ ಎಂಡೋಕಾರ್ಡೈಟಿಸ್ ಅಂತ ಹೆಸರು. ಹೆಸರು ಉದ್ದ. ಅರ್ಥ ಸುಲಭ. ಹೃದಯದ ಒಳಪೊರೆಗೆ, ಬಾಗಿಲಿಗೆ ಹತ್ತುವ ಸೋಂಕು.

ರೋಗಾಣು ರಕ್ತಕ್ಕೆ ಬರುವುದು ಎಲ್ಲಿಂದ? ಹುಳುಕು ಹಲ್ಲಿನಿಂದ ಬರಬಹುದು. ಕೀವು ತುಂಬಿದ ಒಸಡಿನಿಂದ ಬರಬಹುದು. ಚರ್ಮದ ಮೇಲಿನ ಗಾಯದಿಂದ, ಕುರುವಿನಿಂದ ಬರಬಹುದು. ಶುದ್ಧವಿಲ್ಲದ ಸೂಜಿಯಿಂದಲೂ ಬರಬಹುದು.

ಈ ರೋಗ ಎಲ್ಲರಿಗೂ ಬರುವಂಥದ್ದಲ್ಲ. ಅಪರೂಪದ ರೋಗ. ಆದರೆ ಬಂದರೆ ಗಟ್ಟಿ ರೋಗ. ಬಾಗಿಲು ಹರಿಯಬಹುದು. ಮುದ್ದೆಯ ಚೂರು ಕಿತ್ತುಕೊಂಡು ರಕ್ತದಲ್ಲಿ ಹರಿದು ಮಿದುಳಿಗೆ ಹೋಗಬಹುದು. ಆಗ ಲಕ್ವ ಹೊಡೆಯುತ್ತದೆ.

ಗಂಗಮ್ಮನ ಜ್ವರ

ಒಬ್ಬ ಹೆಂಗಸು ಇದ್ದಳು ಅಂದುಕೊಳ್ಳೋಣ. ಅವಳ ಹೆಸರು ಗಂಗಮ್ಮ ಅಂತಿರಲಿ. ವಯಸ್ಸು 34. ಗಂಡ, ಅತ್ತೆ, ಇಬ್ಬರು ಮಕ್ಕಳು. ಎರಡು ಹಸು. ಒಂದು ವರ್ಷದಿಂದ ಅಕ್ಷರ ಕೇಂದ್ರಕ್ಕೆ ಹೋಗುತ್ತಾಳೆ. ಈಗ ಕೂಡಿಸಿಕೊಂಡು ಓದುತ್ತಾಳೆ. ತನ್ನ ಹೆಸರು ಬರೆಯುತ್ತಾಳೆ.

ಗಂಗಮ್ಮನಿಗೆ ಜ್ವರ ಬಂತು. ಜೋರು ಜ್ವರವಲ್ಲ. ಸಂಜೆಗೆ ಮೈ ಬಿಸಿ. ರಾತ್ರಿ ಬೆವರು. ಬೆಳಿಗ್ಗೆ ಸುಸ್ತು. ಒಂದು ವಾರ ಆಯಿತು. ಎರಡು ವಾರ ಆಯಿತು. ಊಟ ಸೇರದು. ರವಿಕೆ ಸಡಿಲವಾಯಿತು. ಕೊಡ ಹೊತ್ತರೆ ಏದುಸಿರು.

ಗಂಡ ಅಂಗಡಿಯಿಂದ ಮಾತ್ರೆ ತಂದುಕೊಟ್ಟ. ಎರಡು ದಿನ ತಿಂದಳು. ಜ್ವರ ಇಳಿಯಿತು. ಬಿಟ್ಟಳು. ಮತ್ತೆ ಜ್ವರ ಬಂತು. ಮತ್ತೆ ಮಾತ್ರೆ.

ಮೂರನೆ ವಾರ ಆಶಾ ಅಕ್ಕ ಮನೆಗೆ ಬಂದಳು.

"ಏನ್ ಗಂಗಕ್ಕಾ, ಹಿಂಗ್ ಸೊರಗಿದ್ದೀಯ?"

"ಜ್ವರ ಕಣವ್ವ. ಬತ್ತದೆ, ಹೋಯ್ತದೆ. ಮಾತ್ರೆ ತಿಂತಾ ಇವ್ನಿ."

"ಮೂರು ವಾರದ ಜ್ವರಕ್ಕೆ ಅಂಗಡಿ ಮಾತ್ರೆ ತಿಂತಾರಾ? ನಡಿ ಆಸ್ಪತ್ರೆಗೆ."

ತಾಲ್ಲೂಕು ಆಸ್ಪತ್ರೆಯ ಡಾಕ್ಟ್ರಮ್ಮ ಗಂಗಮ್ಮನ ಎದೆಗೆ ಕೊಳವೆ ಇಟ್ಟರು. ತುಂಬ ಹೊತ್ತು ಕೇಳಿದರು. ಲಬ್-ಡಬ್ ಸದ್ದಿನ ನಡುವೆ ಇನ್ನೊಂದು ಸದ್ದಿತ್ತು. ಸರಿಯಾಗಿ ಮುಚ್ಚದ ಬಾಗಿಲ ಸಂದಿಯಲ್ಲಿ ಗಾಳಿ ನುಗ್ಗಿದ ಹಾಗೆ. ಸೊಯ್ ಅನ್ನುವ ಸದ್ದು.

"ಚಿಕ್ಕವರಿದ್ದಾಗ ಕೀಲು ಬಾವು ಬಂದಿತ್ತಾ?" ಅಂತ ಕೇಳಿದರು.

ಗಂಗಮ್ಮನಿಗೆ ನೆನಪಾಯಿತು. ಹತ್ತು ವರ್ಷದವಳಿದ್ದಾಗ ಮಂಡಿ ಊದಿತ್ತು. ಆಮೇಲೆ ಮೊಣಕೈ. ಆಮೇಲೆ ಮಣಿಕಟ್ಟು. ಒಂದು ತಿಂಗಳು ಮಲಗಿದ್ದಳು. ಅವ್ವ ಎಣ್ಣೆ ಹಚ್ಚಿದ್ದಳು. ತಾನಾಗೇ ವಾಸಿಯಾಯಿತು ಅಂತ ಎಲ್ಲರೂ ತಿಳಿದಿದ್ದರು.

ಕೀಲು ವಾಸಿಯಾಗಿತ್ತು. ಆದರೆ ಹೃದಯದ ಬಾಗಿಲು ಆಗಲೇ ಒರಟಾಗಿತ್ತು. 24 ವರ್ಷದ ಮೇಲೆ ಅಲ್ಲಿ ರೋಗಾಣು ಅಂಟಿತ್ತು.

ಹೆಪ್ಪಿನ ಪಾಠ

ಗಂಗಮ್ಮನನ್ನು ದೊಡ್ಡ ಆಸ್ಪತ್ರೆಗೆ ಕಳಿಸಿದರು. ಅಲ್ಲಿ ಮೊದಲು ಮಾಡಿದ್ದು ರಕ್ತ ಪರೀಕ್ಷೆ. ಬೇರೆ ಬೇರೆ ಕಡೆ ಚುಚ್ಚಿ ಮೂರು ಸಲ ರಕ್ತ ತೆಗೆದರು.

"ಅಷ್ಟೊಂದು ರಕ್ತ ಯಾಕೆ ತಗೋತೀರಿ?" ಅಂತ ಗಂಗಮ್ಮ ಕೇಳಿದಳು.

ಅಲ್ಲಿದ್ದ ನರ್ಸಮ್ಮ ಹೇಳಿದರು: "ನೀವು ಹಾಲಿಗೆ ಹೆಪ್ಪು ಹಾಕ್ತೀರಲ್ಲ, ಹಾಗೇ ಇದು. ಒಂದು ಚೂರು ಹೆಪ್ಪು ಹಾಕಿದ್ರೆ ರಾತ್ರಿ ಕಳೆಯೋದ್ರೊಳಗೆ ಪಾತ್ರೆ ಮೊಸರಾಗುತ್ತೆ. ಕಣ್ಣಿಗೆ ಕಾಣದ ಜೀವಿ ಬೆಳೆದು ಹೆಚ್ಚಾಗುತ್ತೆ. ನಿಮ್ಮ ರಕ್ತದಲ್ಲಿ ರೋಗಾಣು ಇದ್ರೆ ಈ ಸೀಸೆಯಲ್ಲಿ ಬೆಳೆಯುತ್ತೆ. ಆಗ ಅದು ಯಾವ ಜಾತಿ, ಯಾವ ಔಷಧಿಗೆ ಸಾಯುತ್ತೆ ಅಂತ ಗೊತ್ತಾಗುತ್ತೆ."

ಈ ಪರೀಕ್ಷೆಗೆ ಕಲ್ಚರ್ ಅಂತ ಹೆಸರು. ಫಲಿತಾಂಶಕ್ಕೆ ಕೆಲವು ದಿನ ಬೇಕು.

ಗಂಗಮ್ಮನ ಮೊದಲ ಸೀಸೆಗಳಲ್ಲಿ ಏನೂ ಬೆಳೆಯಲಿಲ್ಲ. ಯಾಕೆ? ಅವಳು ಅಂಗಡಿ ಮಾತ್ರೆ ತಿಂದಿದ್ದಳು.

ಹಸು ಸಾಕುವವರಿಗೆ ಇದು ಬೇಗ ಅರ್ಥವಾಗುತ್ತದೆ. ಕೆಚ್ಚಲು ಬಾವಿಗೆ ಹಸುವಿಗೆ ಇಂಜೆಕ್ಷನ್ ಕೊಡಿಸುತ್ತೇವೆ. ಆ ಹಸುವಿನ ಹಾಲು ಕೆಲವು ದಿನ ಸರಿಯಾಗಿ ಹೆಪ್ಪಾಗುವುದಿಲ್ಲ. ಹಾಲಿನಲ್ಲಿ ಔಷಧಿ ಇದೆ. ಅದು ಹೆಪ್ಪಿನ ಜೀವಿಯನ್ನು ಕೊಲ್ಲುತ್ತದೆ. ಗಂಗಮ್ಮನ ರಕ್ತದಲ್ಲೂ ಹಾಗೇ ಆಗಿತ್ತು. ಅರ್ಧಂಬರ್ಧ ಮಾತ್ರೆ ರೋಗಾಣುವನ್ನು ಪೂರ್ತಿ ಕೊಂದಿರಲಿಲ್ಲ. ಆದರೆ ಅದನ್ನು ಅಡಗಿಸಿತ್ತು.

ಮಾತ್ರೆ ನಿಲ್ಲಿಸಿ, ಎರಡು ದಿನ ಬಿಟ್ಟು ಮತ್ತೆ ರಕ್ತ ತೆಗೆದರು. ಈ ಸಲ ರೋಗಾಣು ಸಿಕ್ಕಿತು. ಬಾಯಲ್ಲಿರುವ ಜಾತಿಯ ರೋಗಾಣು. ಗಂಗಮ್ಮನ ದವಡೆ ಹಲ್ಲು ಹುಳುಕಾಗಿತ್ತು.

ಎದೆಗೆ ಸ್ಕ್ಯಾನಿಂಗ್ ಕೂಡ ಮಾಡಿದರು. ಇದಕ್ಕೆ ಎಕೋ ಅನ್ನುತ್ತಾರೆ. ಬಸುರಿಯರಿಗೆ ಹೊಟ್ಟೆಯ ಸ್ಕ್ಯಾನಿಂಗ್ ಮಾಡುತ್ತಾರಲ್ಲ, ಅದೇ ಬಗೆ. ನೋವಿಲ್ಲ. ನಮ್ಮ ಕಿವಿಗೆ ಕೇಳದ ಸದ್ದನ್ನು ಕಳಿಸಿ, ಅದು ಮರಳಿದ್ದರಿಂದ ಚಿತ್ರ ಮಾಡುತ್ತಾರೆ. 1953ರಲ್ಲಿ ಸ್ವೀಡನ್ ದೇಶದ ಲುಂಡ್ ಊರಿನಲ್ಲಿ ಎಡ್ಲರ್ ಎಂಬ ವೈದ್ಯರು, ಹರ್ಟ್ಸ್ ಎಂಬ ವಿಜ್ಞಾನಿ ಸೇರಿ ಹೃದಯವನ್ನು ಹೀಗೆ ನೋಡುವ ದಾರಿ ತೋರಿಸಿದರು.

ಪರದೆಯ ಮೇಲೆ ಗಂಗಮ್ಮ ತನ್ನ ಹೃದಯದ ಬಾಗಿಲನ್ನು ತಾನೇ ಕಂಡಳು. ಅದರ ತುದಿಯಲ್ಲಿ ಒಂದು ಮುದ್ದೆ ಓಲಾಡುತ್ತಿತ್ತು.

ಮೊದಲು ಮದ್ದೇ ಇರಲಿಲ್ಲ

1885ರಲ್ಲಿ ವಿಲಿಯಂ ಆಸ್ಲರ್ ಎಂಬ ವೈದ್ಯರು ಲಂಡನ್ನಿನಲ್ಲಿ ಈ ರೋಗದ ಬಗ್ಗೆ ಭಾಷಣ ಮಾಡಿದರು. ಅವರು ಕೆನಡಾ ದೇಶದಲ್ಲಿ ಹುಟ್ಟಿದವರು. ಜ್ವರ ಹೇಗೆ ಬರುತ್ತದೆ, ಬಾಗಿಲು ಹೇಗೆ ಹಾಳಾಗುತ್ತದೆ ಅಂತ ವಿವರಿಸಿದರು. ರೋಗವನ್ನು ಗುರುತಿಸುವುದು ತಿಳಿಯಿತು. ಆದರೆ ಕೊಡಲು ಮದ್ದಿರಲಿಲ್ಲ. ರೋಗ ಬಂದವರಲ್ಲಿ ಹೆಚ್ಚು ಕಡಿಮೆ ಎಲ್ಲರೂ ಸಾಯುತ್ತಿದ್ದರು.

1928ರಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ಎಂಬ ವಿಜ್ಞಾನಿ ಪೆನಿಸಿಲಿನ್ ಕಂಡುಹಿಡಿದರು. ಅದು ಬೂಷ್ಟಿನಿಂದ ಬರುವ ಔಷಧಿ. ಅದನ್ನು ರೋಗಿಗಳಿಗೆ ಕೊಡುವಷ್ಟು ತಯಾರಿಸಲು ಇನ್ನೂ ಹತ್ತಾರು ವರ್ಷ ಹಿಡಿಯಿತು. ಆಗ ಎರಡನೆ ಮಹಾಯುದ್ಧ ನಡೆಯುತ್ತಿತ್ತು. ಪೆನಿಸಿಲಿನ್ ಸಿಗುವುದೇ ಕಷ್ಟ. ಸ್ವಲ್ಪ ಸ್ವಲ್ಪ ಕೊಟ್ಟು ನೋಡಿದರು. ಈ ರೋಗ ಬಗ್ಗಲಿಲ್ಲ.

ಅಮೆರಿಕದ ನ್ಯೂಯಾರ್ಕ್ ನಗರದಲ್ಲಿ ಬ್ರೂಕ್ಲಿನ್ ಅಂತ ಒಂದು ಭಾಗ. ಅಲ್ಲಿ ಲಿಯೋ ಲೊವ್ ಎಂಬ ವೈದ್ಯರಿದ್ದರು. ಅವರು ಹೆಚ್ಚು ಪ್ರಮಾಣದ ಪೆನಿಸಿಲಿನ್ ಕೊಟ್ಟರು. ಹನಿ ಹನಿಯಾಗಿ ಹಗಲೂ ರಾತ್ರಿ ಕೊಟ್ಟರು. 1944ರಲ್ಲಿ ಅವರು ವರದಿ ಪ್ರಕಟಿಸಿದರು. ಸಾಲಾಗಿ 7 ರೋಗಿಗಳು ಗುಣವಾಗಿದ್ದರು.

ಏಳು ಜನ ಅಂದರೆ ಕಡಿಮೆ ಅನಿಸಬಹುದು. ಆದರೆ ಅದುವರೆಗೆ ಬದುಕುವುದೇ ಇಲ್ಲ ಅಂದುಕೊಂಡ ರೋಗ ಅದು.

ಔಷಧಿ ಸಾಕಷ್ಟು ಬೇಕು. ಸಾಕಷ್ಟು ದಿನ ಬೇಕು. ಇದು ಆಗ ಕಲಿತ ಪಾಠ. ಯಾಕೆಂದರೆ ರೋಗಾಣು ಮುದ್ದೆಯ ಒಳಗೆ ಅಡಗಿರುತ್ತದೆ. ಮೇಲಿನದು ಸತ್ತರೂ ಒಳಗಿನದು ಉಳಿದಿರುತ್ತದೆ. ಅರ್ಧಕ್ಕೆ ಬಿಟ್ಟರೆ ಮತ್ತೆ ಚಿಗುರುತ್ತದೆ. ಅದಕ್ಕೇ ಇವತ್ತಿಗೂ ಈ ರೋಗಕ್ಕೆ ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಔಷಧಿ ಬೇಕು.

"ಮಾತ್ರೆ ಕೊಟ್ರೆ ಆಗಲ್ವಾ?"

ಗಂಗಮ್ಮನಿಗೂ ಅದನ್ನೇ ಹೇಳಿದರು. "ನಾಲ್ಕು ವಾರ ಇಂಜೆಕ್ಷನ್. ಆಸ್ಪತ್ರೆಯಲ್ಲೇ ಇರಬೇಕು."

ಗಂಗಮ್ಮ ಅತ್ತೇಬಿಟ್ಟಳು. "ನಾಲ್ಕು ವಾರಾನಾ? ಹಸು ಯಾರು ಕರೀತಾರೆ? ಮಕ್ಕಳಿಗೆ ಯಾರು ಬೇಯಿಸಿ ಹಾಕ್ತಾರೆ? ಮಾತ್ರೆ ಕೊಟ್ಟು ಕಳಿಸಿ ಡಾಕ್ಟ್ರೆ."

ಗಂಗಮ್ಮ ಕೇಳಿದ್ದು ಒಳ್ಳೆಯ ಪ್ರಶ್ನೆ. ದೊಡ್ಡ ದೊಡ್ಡ ವೈದ್ಯರೂ ಇದೇ ಪ್ರಶ್ನೆ ಕೇಳಿದ್ದರು. ಕೊನೆಯ ಕೆಲವು ವಾರ ಇಂಜೆಕ್ಷನ್ ಬದಲು ಮಾತ್ರೆ ಕೊಟ್ಟರೆ ಆಗುತ್ತದೆಯೆ?

ಊಹೆ ಮಾಡಿ ಉತ್ತರ ಹೇಳುವಂತಿಲ್ಲ. ಜೀವದ ಪ್ರಶ್ನೆ. ಪರೀಕ್ಷೆ ಮಾಡಿಯೇ ನೋಡಬೇಕು. ಯುರೋಪಿನ ಡೆನ್ಮಾರ್ಕ್ ದೇಶದ ವೈದ್ಯರು ಪರೀಕ್ಷೆ ಮಾಡಿದರು. ಅದಕ್ಕೆ ಪೊಯೆಟ್ ಅಧ್ಯಯನ ಅಂತ ಹೆಸರು. 2018ರಲ್ಲಿ ಅದರ ಫಲಿತಾಂಶ ಬಂತು.

ಅವರು 400 ರೋಗಿಗಳನ್ನು ಆರಿಸಿಕೊಂಡರು. ಎಲ್ಲರಿಗೂ ಮೊದಲು ಕಡಿಮೆ ಅಂದರೂ 10 ದಿನ ಇಂಜೆಕ್ಷನ್ ಔಷಧಿ ಕೊಟ್ಟಿದ್ದರು. ಜ್ವರ ಇಳಿದಿತ್ತು. ರೋಗ ಹತೋಟಿಗೆ ಬಂದಿತ್ತು. ಆಮೇಲೆ ಎರಡು ಗುಂಪು ಮಾಡಿದರು.

ಗುಂಪು ಮಾಡಿದ್ದು ಹೇಗೆ? ಚೀಟಿ ಎತ್ತಿದ ಹಾಗೆ. ನಮ್ಮ ಚೀಟಿ ವ್ಯವಹಾರದಲ್ಲಿ ಹೆಸರು ಬರೆದು ಕುಲುಕಿ ಎತ್ತುತ್ತೇವಲ್ಲ, ಹಾಗೆ. ಯಾರು ಯಾವ ಗುಂಪಿಗೆ ಅಂತ ವೈದ್ಯರು ಆರಿಸುವಂತಿಲ್ಲ. ರೋಗಿಯೂ ಆರಿಸುವಂತಿಲ್ಲ. ವೈದ್ಯರೇ ಆರಿಸಿದರೆ ಗಟ್ಟಿಮುಟ್ಟಾದವರನ್ನೆಲ್ಲ ಒಂದೇ ಕಡೆ ಹಾಕಿಬಿಡಬಹುದು. ಆಗ ಲೆಕ್ಕ ಸುಳ್ಳಾಗುತ್ತದೆ.

ಒಂದು ಗುಂಪಿಗೆ ಇಂಜೆಕ್ಷನ್ ಮುಂದುವರಿಸಿದರು. ಇವರು 199 ಜನ. ಇನ್ನೊಂದು ಗುಂಪಿಗೆ ಮಾತ್ರೆ ಕೊಟ್ಟರು. ಇವರು 201 ಜನ. ಔಷಧಿ ಮುಗಿದ ಮೇಲೂ ಆರು ತಿಂಗಳು ಎಲ್ಲರನ್ನೂ ಗಮನಿಸಿದರು. ಯಾರಾದರೂ ಸತ್ತರೆ? ದಿಢೀರನೆ ಆಪರೇಶನ್ ಬೇಕಾಯಿತೆ? ಮುದ್ದೆಯ ಚೂರು ಕಿತ್ತು ಬೇರೆ ಕಡೆ ಹೋಯಿತೆ? ರೋಗಾಣು ಮತ್ತೆ ಬಂತೆ? ಎಲ್ಲ ಲೆಕ್ಕ ಇಟ್ಟರು.

ಇಂಜೆಕ್ಷನ್ ಗುಂಪಿನಲ್ಲಿ 24 ಜನರಿಗೆ ಇಂಥ ತೊಂದರೆ ಆಯಿತು. ಮಾತ್ರೆ ಗುಂಪಿನಲ್ಲಿ 18 ಜನರಿಗೆ. ನೂರಕ್ಕೆ ಲೆಕ್ಕ ಹಾಕಿದರೆ 12 ಮತ್ತು 9.

ಹಾಗಾದರೆ ಮಾತ್ರೆಯೇ ಮೇಲು ಅನ್ನಬಹುದೆ? ಇಲ್ಲ. ಅಷ್ಟು ಸಣ್ಣ ವ್ಯತ್ಯಾಸ ಅಕಸ್ಮಾತ್ತಾಗಿಯೂ ಬರಬಹುದು. ಮಾತ್ರೆ ಇಂಜೆಕ್ಷನ್ನಿಗಿಂತ ಕಡಿಮೆಯಿಲ್ಲ ಅನ್ನಬಹುದು. ಅಷ್ಟು ತಿಳಿದದ್ದೇ ದೊಡ್ಡದು. ಚೀಟಿ ಎತ್ತಿದ ಮೇಲೆ ಇಂಜೆಕ್ಷನ್ ಗುಂಪಿನವರು ಸುಮಾರು 19 ದಿನ ಆಸ್ಪತ್ರೆಯಲ್ಲಿದ್ದರು. ಮಾತ್ರೆ ಗುಂಪಿನವರು ಸುಮಾರು 3 ದಿನ. ಅವರು ಮನೆಗೆ ಹೋಗಿ ಮಾತ್ರೆ ನುಂಗಿದರು. ವಾರಕ್ಕೆ ಎರಡು ಮೂರು ಸಲ ಬಂದು ತೋರಿಸಿಕೊಂಡರು.

ಒಂದು ಎಚ್ಚರಿಕೆ. ಇದು ಅಂಗಡಿಯಲ್ಲಿ ಕೊಳ್ಳುವ ಎರಡು ಮಾತ್ರೆಯಲ್ಲ. ರೋಗಾಣುವಿನ ಜಾತಿ ನೋಡಿ ಆರಿಸಿದ ಮಾತ್ರೆ. ಒಂದಲ್ಲ, ಎರಡು ಬಗೆಯ ಔಷಧಿ ಸೇರಿಸಿ ಕೊಟ್ಟದ್ದು. ಮೊದಲ ದಿನಗಳ ಇಂಜೆಕ್ಷನ್ ಎಲ್ಲರಿಗೂ ಬೇಕೇ ಬೇಕು. ಯಾರಿಗೆ ಮಾತ್ರೆ ಆಗುತ್ತದೆ, ಯಾರಿಗೆ ಆಗುವುದಿಲ್ಲ ಅಂತ ವೈದ್ಯರೇ ಹೇಳಬೇಕು.

ಆಪರೇಶನ್ ಯಾವಾಗ?

ಇನ್ನೊಂದು ಪ್ರಶ್ನೆ ಇತ್ತು. ಬಾಗಿಲು ತೀರಾ ಹಾಳಾಗಿದೆ. ಮುದ್ದೆ ದೊಡ್ಡದಾಗಿದೆ. ಆಗ ಬೇಗ ಆಪರೇಶನ್ ಮಾಡಬೇಕೆ? ಸೋಂಕು ಇಳಿಯುವವರೆಗೆ ಕಾಯಬೇಕೆ?

ದಕ್ಷಿಣ ಕೊರಿಯಾ ದೇಶದ ವೈದ್ಯರು 76 ರೋಗಿಗಳಲ್ಲಿ ಇದನ್ನು ನೋಡಿದರು. 37 ಜನರಿಗೆ ಎರಡು ದಿನದ ಒಳಗೆ ಆಪರೇಶನ್ ಮಾಡಿದರು. 39 ಜನರಿಗೆ ಮೊದಲು ಔಷಧಿ ಕೊಟ್ಟರು. ಅಗತ್ಯ ಬಿದ್ದಾಗ ಆಪರೇಶನ್ ಮಾಡಿದರು. ಮೊದಲ ಗುಂಪಿನಲ್ಲಿ ಒಬ್ಬರಿಗೆ ಮಾತ್ರ ದೊಡ್ಡ ತೊಂದರೆ ಆಯಿತು. ಎರಡನೆ ಗುಂಪಿನಲ್ಲಿ 9 ಜನರಿಗೆ ಆಯಿತು. 2012ರಲ್ಲಿ ಇದು ಪ್ರಕಟವಾಯಿತು. ಮುದ್ದೆ ದೊಡ್ಡದಿದ್ದರೆ ಬೇಗ ಆಪರೇಶನ್ ಮಾಡುವುದು ಒಳ್ಳೆಯದು ಅಂತ ಇದರಿಂದ ತಿಳಿಯಿತು.

ಹಾಳಾದ ಬಾಗಿಲನ್ನು ರಿಪೇರಿ ಮಾಡಬಹುದು. ಆಗದಿದ್ದರೆ ಹೊಸ ಬಾಗಿಲು ಹಾಕಬಹುದು. ನಮ್ಮ ದೇಶದಲ್ಲೂ ಇಂಥ ಬಾಗಿಲು ತಯಾರಾಗುತ್ತದೆ. ಕೇರಳದ ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆ ಅದನ್ನು ರೂಪಿಸಿತು. ಅದನ್ನು 1990ರ ಡಿಸೆಂಬರಿನಲ್ಲಿ ಮೊದಲ ಸಲ ರೋಗಿಗೆ ಹಾಕಿದರು.

ಆ ಲೆಕ್ಕದಲ್ಲಿ ನಾವು ಇದ್ದೇವೆಯೆ?

ಡೆನ್ಮಾರ್ಕಿನ 400 ಜನ ಯಾರು? ಅವರ ಸರಾಸರಿ ವಯಸ್ಸು 67. ನೂರಕ್ಕೆ 77 ಜನ ಗಂಡಸರು. ಹೆಂಗಸರು 23 ಮಾತ್ರ.

ನಮ್ಮ ಗಂಗಮ್ಮನಿಗೆ 34. ನಮ್ಮ ದೇಶದಲ್ಲಿ ಚಿಕ್ಕಂದಿನ ಕೀಲುಬಾವು ಜ್ವರದಿಂದ ಬಾಗಿಲು ಹಾಳಾದವರು ಬಹಳ. ಅವರು ಪ್ರಾಯದವರು. ಹೆರಿಗೆಯ ವಯಸ್ಸಿನ ಹೆಂಗಸರೂ ಅವರಲ್ಲಿದ್ದಾರೆ. ಅಲ್ಲಿಯ ಉತ್ತರ ಇಲ್ಲಿಗೂ ಪೂರ್ತಿ ಹೊಂದುತ್ತದೆಯೆ? ಇಲ್ಲೂ ನೋಡಬೇಕು. ಹೆಂಗಸರಲ್ಲೂ ನೋಡಬೇಕು. ಲೆಕ್ಕದಲ್ಲಿ ನಾವು ಇಲ್ಲದಿದ್ದರೆ ಉತ್ತರದಲ್ಲೂ ನಾವು ಇರುವುದಿಲ್ಲ.

ಹೀಗೆ ರೋಗಿಗಳ ಜೊತೆ ಮಾಡುವ ಅಧ್ಯಯನಕ್ಕೆ ವೈದ್ಯಕೀಯ ಸಂಶೋಧನೆ ಅಂತ ಹೆಸರು. ನಮ್ಮ ಆಸ್ಪತ್ರೆಗಳಲ್ಲೂ ನಡೆಯುತ್ತದೆ. ಆಗ ರೋಗಿಯ ಮುಂದೆ ಒಂದು ಕಾಗದ ಬರುತ್ತದೆ.

ಸಹಿಗೆ ಮುಂಚೆ

ಗಂಗಮ್ಮನ ಮುಂದೂ ಒಂದು ಕಾಗದ ಬಂತು. ಒಬ್ಬ ಹುಡುಗ ಡಾಕ್ಟರು ತಂದರು. ಜೊತೆಗೆ ಶಾಯಿಯ ಡಬ್ಬಿಯೂ ಇತ್ತು.

ಗಂಡ ಹೇಳಿದ: "ಬೆಟ್ಟು ಒತ್ತು. ದೊಡ್ಡೋರು ಕೇಳ್ತಾವ್ರೆ."

ಗಂಗಮ್ಮ ಹೆಬ್ಬೆಟ್ಟು ಮುಂದೆ ಮಾಡಲಿಲ್ಲ. "ಇರಿ, ಓದ್ತೀನಿ" ಅಂದಳು.

ಕಾಗದ ಕನ್ನಡದಲ್ಲಿತ್ತು. ಕೂಡಿಸಿಕೊಂಡು ಓದಿದಳು. ಒಂದು ಪುಟಕ್ಕೆ ಅರ್ಧ ಗಂಟೆ ಹಿಡಿಯಿತು. ಡಾಕ್ಟರು ಕಾದರು. ಒಂದು ಪದ ಅವಳಿಗೆ ತಿಳಿಯಲಿಲ್ಲ. 'ಸ್ವಇಚ್ಛೆ' ಅಂತ ಬರೆದಿತ್ತು.

"ಇದು ಏನು ಡಾಕ್ಟ್ರೆ?"

"ನಿಮ್ಮ ಇಷ್ಟ ಅಂತಮ್ಮ. ಯಾರ ಬಲವಂತಾನೂ ಇಲ್ಲ ಅಂತ."

"ನಾ ಒಲ್ಲೆ ಅಂದ್ರೆ ಇಂಜೆಕ್ಷನ್ ನಿಲ್ಲಿಸ್ತೀರಾ?"

"ಇಲ್ಲಮ್ಮ. ಚಿಕಿತ್ಸೆ ಹೀಗೇ ನಡೆಯುತ್ತೆ."

"ನನ್ನಿಂದ ಏನು ಬೇಕು?"

"ಎರಡು ಸಲ ಸ್ವಲ್ಪ ಹೆಚ್ಚು ರಕ್ತ. ಆಮೇಲೆ ಆರು ತಿಂಗಳು ನಿಮ್ಮ ಆರೋಗ್ಯದ ವಿವರ."

"ನಡುವೆ ಬ್ಯಾಡ ಅನ್ನಿಸಿದ್ರೆ?"

"ಯಾವಾಗ ಬೇಕಾದರೂ ಬಿಡಬಹುದು."

"ನನ್ನ ಹೆಸರು ಊರಲ್ಲೆಲ್ಲ ಹೇಳ್ತೀರಾ?"

"ಇಲ್ಲ. ಹೆಸರು ಗುಟ್ಟಾಗಿ ಇರುತ್ತೆ."

ಗಂಗಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದಳು. "ರಾತ್ರಿ ಯೋಚನೆ ಮಾಡಿ ಬೆಳಿಗ್ಗೆ ಹೇಳ್ತೀನಿ" ಅಂದಳು.

ಬೆಳಿಗ್ಗೆ ಅವಳು ಸಹಿ ಹಾಕಿದಳು. ಹೆಬ್ಬೆಟ್ಟಲ್ಲ, ಸಹಿ. "ಮುಂದೆ ಬರೋ ಹೆಣ್ಮಕ್ಕಳಿಗೆ ಅನುಕೂಲ ಆಯ್ತದೆ" ಅಂದಳು. ಒಂದು ಪ್ರತಿ ಕೇಳಿ ಇಸಕೊಂಡಳು. ಬೇಡ ಅಂದಿದ್ದರೂ ಅದು ತಪ್ಪಲ್ಲ. ಓದಿ, ಕೇಳಿ, ತಾನೇ ತೀರ್ಮಾನ ಮಾಡಿದ್ದು ಮುಖ್ಯ.

ಸಂಶೋಧನೆಯ ವಿಷಯದಲ್ಲಿ ನಮಗೆ ಹಕ್ಕುಗಳಿವೆ.

ನಮ್ಮ ಭಾಷೆಯಲ್ಲಿ ವಿವರ ಕೊಡಬೇಕು.

ಓದಲು ಬಾರದವರಿಗೆ ಓದಿ ಹೇಳಬೇಕು. ಆಗ ಸಂಶೋಧನೆಗೆ ಸಂಬಂಧವಿಲ್ಲದ, ಓದು ಬಲ್ಲ ಒಬ್ಬ ಸಾಕ್ಷಿ ಇರಬೇಕು.

ಆಸ್ಪತ್ರೆಯ ನೀತಿ ಸಮಿತಿ ಒಪ್ಪದೆ ಸಂಶೋಧನೆ ಮಾಡುವಂತಿಲ್ಲ. ಸಮಿತಿಯ ಫೋನ್ ನಂಬರು ಕಾಗದದಲ್ಲಿ ಇರಬೇಕು.

ಹೊಸ ಔಷಧಿಯ ಪರೀಕ್ಷೆ ಆದರೆ ಅದನ್ನು ಮೊದಲೇ ಸರ್ಕಾರದ ಪಟ್ಟಿಯಲ್ಲಿ ದಾಖಲು ಮಾಡಬೇಕು. 2009ರಿಂದ ಇದು ಕಡ್ಡಾಯ.

ಆ ಪರೀಕ್ಷೆಯಿಂದ ತೊಂದರೆ ಆದರೆ ಪುಕ್ಕಟೆ ಚಿಕಿತ್ಸೆ ಕೊಡಬೇಕು. ಪರಿಹಾರವನ್ನೂ ಕೊಡಬೇಕು. 2019ರ ನಿಯಮದಲ್ಲಿ ಇದು ಇದೆ.

ಮೊದಲು ಗಂಟಲು ನೋಡಿ

ಗಂಗಮ್ಮನ ಕತೆ ಎಲ್ಲಿ ಶುರುವಾಯಿತು? ಹತ್ತು ವರ್ಷದ ಹುಡುಗಿಯ ಗಂಟಲಲ್ಲಿ.

ಮಕ್ಕಳಿಗೆ ಗಂಟಲು ನೋವು ಬರುತ್ತದೆ. ಹೆಚ್ಚಿನದು ತಾನಾಗಿ ಹೋಗುತ್ತದೆ. ಆದರೆ ಒಂದು ಜಾತಿಯ ರೋಗಾಣುವಿನಿಂದ ಬಂದ ಗಂಟಲು ನೋವು ಬೇರೆ. ಅದಕ್ಕೆ ಔಷಧಿ ಕೊಡದಿದ್ದರೆ ಎರಡು ಮೂರು ವಾರದ ಮೇಲೆ ಕೆಲವು ಮಕ್ಕಳಿಗೆ ಕೀಲುಬಾವು ಜ್ವರ ಬರುತ್ತದೆ. ಇದು ಹೆಚ್ಚಾಗಿ 5ರಿಂದ 15 ವರ್ಷದ ಮಕ್ಕಳಿಗೆ ಬರುತ್ತದೆ. ಈ ಜ್ವರ ಹೃದಯದ ಬಾಗಿಲನ್ನು ಹಾಳು ಮಾಡುತ್ತದೆ.

ಒಂದು ಸಲ ಬಂದ ಮಕ್ಕಳಿಗೆ ಮತ್ತೆ ಬರದಂತೆ ಪೆನಿಸಿಲಿನ್ ಇಂಜೆಕ್ಷನ್ ಕೊಡುತ್ತಾರೆ. ಮೂರು ಅಥವಾ ನಾಲ್ಕು ವಾರಕ್ಕೆ ಒಂದು. ವರ್ಷಗಟ್ಟಲೆ ಕೊಡಿಸಬೇಕು.

ಇದರ ಬಗ್ಗೆಯೂ ಸಂಶೋಧನೆ ನಡೆದಿದೆ. ಆಫ್ರಿಕಾದ ಉಗಾಂಡ ದೇಶದಲ್ಲಿ ಶಾಲೆಯ ಮಕ್ಕಳ ಹೃದಯವನ್ನು ಎಕೋ ಮಾಡಿ ನೋಡಿದರು. ಬಾಗಿಲು ಸ್ವಲ್ಪ ಹಾಳಾಗಿದ್ದ ಸುಮಾರು 800 ಮಕ್ಕಳು ಸಿಕ್ಕರು. ಅವರಿಗೆ ತಮ್ಮ ರೋಗ ಗೊತ್ತೇ ಇರಲಿಲ್ಲ. ಅರ್ಧ ಮಕ್ಕಳಿಗೆ ನಾಲ್ಕು ವಾರಕ್ಕೊಂದು ಇಂಜೆಕ್ಷನ್ ಕೊಟ್ಟರು. ಎರಡು ವರ್ಷದ ಮೇಲೆ ನೋಡಿದರು. ಇಂಜೆಕ್ಷನ್ ಪಡೆದವರಲ್ಲಿ 3 ಮಕ್ಕಳಿಗೆ ರೋಗ ಹೆಚ್ಚಾಗಿತ್ತು. ಪಡೆಯದವರಲ್ಲಿ 33 ಮಕ್ಕಳಿಗೆ ಹೆಚ್ಚಾಗಿತ್ತು. 2021ರಲ್ಲಿ ಇದು ಪ್ರಕಟವಾಯಿತು. ಒಂದು ಹಳೆಯ, ಅಗ್ಗದ ಔಷಧಿ ಇಷ್ಟು ಕೆಲಸ ಮಾಡಿತು.

ಗಂಗಮ್ಮ ಈಗ ಮನೆಯಲ್ಲಿದ್ದಾಳೆ. ಹುಳುಕು ಹಲ್ಲು ತೆಗೆಸಿದ್ದಾಳೆ. ಹೋದ ತಿಂಗಳು ಮಗಳಿಗೆ ಗಂಟಲು ನೋವು, ಜ್ವರ ಬಂತು. ಅತ್ತೆ ಕಷಾಯ ಮಾಡಿಕೊಟ್ಟರು. ಗಂಗಮ್ಮ ಕಷಾಯ ಕುಡಿಸಿದಳು. ಆಮೇಲೆ ಮಗಳ ಕೈ ಹಿಡಿದುಕೊಂಡು ಆರೋಗ್ಯ ಕೇಂದ್ರಕ್ಕೂ ಹೋದಳು.

ನೆನಪಿಡಿ

1. ಎರಡು ವಾರ ಮೀರಿದ ಜ್ವರಕ್ಕೆ ಅಂಗಡಿ ಮಾತ್ರೆ ಬೇಡ. ಆಸ್ಪತ್ರೆಗೆ ಹೋಗಿ. ಹೃದಯದ ಬಾಗಿಲಿನ ತೊಂದರೆ ಇದ್ದವರು ಇನ್ನೂ ಬೇಗ ಹೋಗಿ.

2. ಹೃದಯದ ತೊಂದರೆ ಇದ್ದರೆ ಯಾವ ವೈದ್ಯರ ಹತ್ತಿರ ಹೋದರೂ ಮೊದಲು ಅದನ್ನು ಹೇಳಿ. ಬಸುರಿಯಾದಾಗ ತಪ್ಪದೆ ಹೇಳಿ.

3. ದಿನಾ ಹಲ್ಲು ಉಜ್ಜಿ. ಹುಳುಕು ಹಲ್ಲು ಬಿಡಬೇಡಿ. ಹೊಗೆಸೊಪ್ಪು, ಕಡ್ಡಿಪುಡಿ ಬೇಡ.

4. ಹೃದಯಕ್ಕೆ ಹೊಸ ಬಾಗಿಲು ಹಾಕಿಸಿಕೊಂಡವರು, ಮೊದಲೇ ಈ ಸೋಂಕು ಬಂದವರು ಹಲ್ಲು ಕೀಳಿಸುವ ಮುಂಚೆ ಔಷಧಿ ತೆಗೆದುಕೊಳ್ಳಬೇಕು. ವೈದ್ಯರನ್ನು ಕೇಳಿ.

5. ಮಕ್ಕಳಿಗೆ ಗಂಟಲು ನೋವು, ಜ್ವರ ಬಂದರೆ ಆರೋಗ್ಯ ಕೇಂದ್ರದಲ್ಲಿ ತೋರಿಸಿ. ಕೀಲು ಊದಿದರೆ ತಡ ಮಾಡಬೇಡಿ.

6. ಔಷಧಿ ಅರ್ಧಕ್ಕೆ ಬಿಡಬೇಡಿ. ಜ್ವರ ಇಳಿದರೂ ಬಿಡಬೇಡಿ.

7. ಬೆಂಗಳೂರು, ಮೈಸೂರು, ಕಲಬುರಗಿಯಲ್ಲಿ ಸರ್ಕಾರದ ಜಯದೇವ ಹೃದ್ರೋಗ ಆಸ್ಪತ್ರೆಗಳಿವೆ. ಹೋಗುವಾಗ ರೇಷನ್ ಕಾರ್ಡು, ಆಧಾರ್ ಕಾರ್ಡು, ಹಳೆಯ ಚೀಟಿಗಳು ಜೊತೆಯಲ್ಲಿರಲಿ.

8. ಯಾವ ಕಾಗದಕ್ಕಾದರೂ ಸಹಿ ಹಾಕುವ ಮುಂಚೆ ಓದಿ. ತಿಳಿಯದ ಮಾತು ಕೇಳಿ. ಕೇಳುವುದಕ್ಕೆ ನಾಚಿಕೆ ಬೇಡ.

ಕೂಡಿ ಮಾತಾಡಿ

ನಿಮ್ಮ ಊರಿನಲ್ಲಿ ಚಿಕ್ಕಂದಿನಲ್ಲಿ ಕೀಲು ಊದಿದ ಹೆಂಗಸರು ಇದ್ದಾರೆಯೆ? ಅವರು ಹೃದಯ ತೋರಿಸಿಕೊಂಡಿದ್ದಾರೆಯೆ?

ನೀವು ಓದದೆ ಹೆಬ್ಬೆಟ್ಟು ಒತ್ತಿದ ಕಾಗದ ಯಾವುದು? ಅದರಲ್ಲಿ ಏನಿತ್ತು?

ಗಂಗಮ್ಮನ ಜಾಗದಲ್ಲಿ ನೀವು ಇದ್ದರೆ ಡಾಕ್ಟರನ್ನು ಇನ್ನೂ ಏನು ಕೇಳುತ್ತಿದ್ದಿರಿ? ಒಂದು ಪ್ರಶ್ನೆ ಬರೆಯಿರಿ. ಕೆಳಗೆ ನಿಮ್ಮ ಸಹಿ ಹಾಕಿ.